ಕೌದಿಯ ನಡು ಉಬ್ಬಿ, ಅಂಚು ಅಲೆಅಲೆಯಾದರೆ

ಟೈಲರ್ ಅಂಗಡಿಯ ಚೂರುಗಳಿಂದ 8 ಇಂಚಿನ ಚೌಕ ಮಾಡಿ ಜೋಡಿಸಿದ ಮೇಲ್ಪದರ ನೆಲಕ್ಕೆ ಸಪಾಟಾಗಿ ಕೂರುತ್ತಿಲ್ಲ ಅಂದಿದ್ದೀರಿ. ಹೆಚ್ಚಾಗಿ ಇದು ಕ್ರಾಸ್ ತುಂಡುಗಳ ಕಾಟ. ಬ್ಲೌಸ್ ಕತ್ತರಿಸಿ ಉಳಿದ ಚೂರುಗಳ ಅಂಚು ಎಳೆಗೆ ಓರೆಯಾಗಿರುತ್ತದೆ, ಹೊಲಿಯುವಾಗ ಹಿಗ್ಗಿಬಿಡುತ್ತದೆ. ಒಂದು ಚೂರನ್ನು ಎಳೆದು ನೋಡಿ, ರಬ್ಬರಿನಂತೆ ಬಂದರೆ ಅದೇ. ಬರದಿದ್ದರೆ ಹೊಲಿಗೆ ಒಂದು ಕಡೆ ಕಾಲಿಂಚು, ಇನ್ನೊಂದು ಕಡೆ ಅರ್ಧ ಇಂಚು ಒಳಗೆ ಬಿದ್ದಿರಬಹುದು. ಫೋಟೊ ನೋಡದೆ ಇಷ್ಟೇ ಹೇಳಬಹುದು.

ಪೂರ್ತಿ ಬಿಚ್ಚಬೇಡಿ, ಉಬ್ಬಿದ ಚೌಕಗಳನ್ನು ಮಾತ್ರ ತೆಗೆಯಿರಿ. ಅವನ್ನು ಮತ್ತೆ ಹೊಲಿಯುವಾಗ ಚೂರುಗಳು ಹಿಗ್ಗದಂತೆ ಅಡಿಗೆ ಇಡಲು, ಹಳೇ ಕಾಟನ್ ಪಂಚೆಯನ್ನು 9 ಇಂಚಿನ ಚೌಕಗಳಾಗಿ ಕತ್ತರಿಸಿ. ನಡುವೆ ಒಂದು ಚೂರು ಇಡಿ. ಎರಡನೆಯದನ್ನು ಅದರ ಮೇಲೆ ಬೋರಲಾಗಿಟ್ಟು, ಕಾಲಿಂಚು ಬಿಟ್ಟು, ಪಂಚೆಗೂ ಸೇರಿಸಿ ಹೊಲಿಯಿರಿ. ಮಗುಚಿ ಇಸ್ತ್ರಿ ಒತ್ತಿ. ಒತ್ತಬೇಕು ಅಷ್ಟೇ, ಎಳೆದು ಉಜ್ಜಬಾರದು. ಹೀಗೇ ಸುತ್ತಲೂ ತುಂಬಿದ ಮೇಲೆ ಎಂಟೂವರೆ ಇಂಚಿಗೆ ಸರಿಯಾಗಿ ಕತ್ತರಿಸಿ; ಜೋಡಿಸುವಾಗ ಸುತ್ತ ಕಾಲಿಂಚು ಹೊಲಿಗೆಗೆ ಹೋಗಿ 8 ಇಂಚು ಉಳಿಯುತ್ತದೆ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮತ್ತೆ ಅದೇ ಅಲೆ.

ಸುತ್ತಲೂ ಹೊಲಿಯುವ ಅಂಚುಪಟ್ಟಿಯ ಅಳತೆಯನ್ನು ಕೌದಿಯ ನಡುವಿನಲ್ಲಿ ತೆಗೆದುಕೊಳ್ಳಿ, ಹಿಗ್ಗಿದ ಅಂಚಿನಲ್ಲಲ್ಲ. ಆಮೇಲೆ ಅಂಚನ್ನು ಪಟ್ಟಿಯ ಉದ್ದಕ್ಕೆ ಪಿನ್ ಹಾಕಿ ಕೂರಿಸಿ.

ಒಳಗೆ ಹತ್ತಿ ತುಂಬುವ ಯೋಚನೆ ಬಿಡಿ. ತೀರ್ಥಹಳ್ಳಿ ಮಳೆಗೆ ಅದು ಒಣಗುವುದುಂಟಾ? ಎರಡು ಪದರ ಹಳೇ ಕಾಟನ್ ಸೀರೆ ಸಾಕು. ಕೈಹೊಲಿಗೆಯನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ ಬನ್ನಿ.