ನೀವು ಕೇಳಿದ್ದು: ಬರೀ ಹೊಲ, ಅಲ್ಲಿ ನೋಡೋದೇನಿದೆ?

ಪ್ರಶ್ನೆ: ಮಗಳು ಕೆನಡಾದ ರೆಜೈನಾದಲ್ಲಿದ್ದಾಳೆ. ಜುಲೈನಲ್ಲಿ ನಾವಿಬ್ಬರೂ ಹೋಗಿ ಎರಡು ತಿಂಗಳು ಇರುತ್ತೇವೆ. ಅಳಿಯನನ್ನು ಕೇಳಿದರೆ ನಯಾಗರ ಬಹಳ ದೂರ, ಇಲ್ಲಿ ಎತ್ತ ನೋಡಿದರೂ ಹೊಲ ಅಂತಾನೆ. ಹೊಲ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು?
– ನಿವೃತ್ತ ಶಿಕ್ಷಕರು, ಸಿಂಧನೂರು

ಉತ್ತರ: ಮೇಷ್ಟ್ರೇ, ಹೊಲ ಗೊತ್ತಿರುವವರೇ ಅಲ್ಲಿಗೆ ಹೋಗಬೇಕು. ರೆಜೈನಾ ಸುತ್ತ ಇರುವುದು ಜಿಗುಟು ಎರಿ ಮಣ್ಣು. ಮಳೆ ಬಿದ್ದ ಮೇಲೆ ಮಣ್ಣಿನ ದಾರಿಗೆ ಇಳಿದರೆ ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತೋಕೆ ಬಿಡುವುದಿಲ್ಲ, ಥೇಟ್ ನಮ್ಮ ಕಡೆಯದೇ. ಜುಲೈನಲ್ಲಿ ಕನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು) ಹಳದಿಯಾಗಿ, ಅಗಸೆ ನೀಲಿಯಾಗಿ ಹೂ ಬಿಟ್ಟಿರುತ್ತವೆ. ಅಗಸೆ ನೋಡಬೇಕಾದರೆ ಬೆಳಿಗ್ಗೆಯೇ ಹೊರಡಿ, ಮಧ್ಯಾಹ್ನದ ಹೊತ್ತಿಗೆ ಪಕಳೆ ಉದುರಿರುತ್ತವೆ. ನಮ್ಮ ದೇಶ ಹೊರಗಿನಿಂದ ತರಿಸುವ ಮಸೂರ್ ಬೇಳೆಯಲ್ಲಿ ದೊಡ್ಡ ಪಾಲು ಬೆಳೆಯುವುದೂ ಇದೇ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ.

ಮೊದಲು ಅಬರ್ನೆತಿ ಊರಿನ ಹತ್ತಿರ ಇರುವ ಮದರ್‌ವೆಲ್ ತೋಟದ ಮನೆಗೆ ಹೋಗಿ. ರೆಜೈನಾದಿಂದ ಸುಮಾರು 100 ಕಿಲೋಮೀಟರ್. ಡಬ್ಲ್ಯೂ. ಆರ್. ಮದರ್‌ವೆಲ್ 1882ರಲ್ಲಿ ಒಂಟಾರಿಯೊದಿಂದ ಬಂದು ಇಲ್ಲಿ ಜಮೀನು ಹಿಡಿದವರು, ಮುಂದೆ ಈ ಪ್ರಾಂತ್ಯದ ಮೊದಲ ಕೃಷಿ ಮಂತ್ರಿಯಾದರು. ಅಕ್ಕಪಕ್ಕ ಸಿಕ್ಕ ಕಲ್ಲನ್ನು ವರ್ಷಗಟ್ಟಲೆ ಕೂಡಿಹಾಕಿ ಕಟ್ಟಿಸಿದ ಮನೆ ಅದು. ಎಲ್ಲರೂ ಮನೆಯ ಫೋಟೊ ಹೊಡೆದುಕೊಂಡು ಬರುತ್ತಾರೆ, ನೀವು ಮಾತ್ರ ಹೊಂಡ ನೋಡಿ. ಸುತ್ತ ಸಾಲಾಗಿ ಗಿಡ ನೆಟ್ಟಿದ್ದಾರೆ. ಚಳಿಗಾಲದಲ್ಲಿ ಗಾಳಿಗೆ ಹಾರಿ ಬರುವ ಹಿಮ ಆ ಗಿಡಗಳಿಗೆ ತಡೆದು ಅಲ್ಲೇ ಗುಡ್ಡೆ ಬೀಳುತ್ತದೆ, ಚಳಿ ಇಳಿದ ಮೇಲೆ ಕರಗಿ ಹೊಂಡ ತುಂಬುತ್ತದೆ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಕೃಷಿ ಹೊಂಡ ತೆಗೆಸಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾ?

ದಾರಿಯುದ್ದಕ್ಕೂ ಸಣ್ಣ ಊರು ಬಂದ ಕಡೆ ರೈಲು ಹಳಿ ಪಕ್ಕ ಎತ್ತರದ ಮರದ ಕಣಜ ಇದೆಯಾ ನೋಡುತ್ತಿರಿ. ಮೈಮೇಲೆ ಊರ ಹೆಸರು ಬರೆದಿರುತ್ತದೆ, ಗೋಧಿ ತುಂಬಿ ನೇರ ರೈಲಿಗೆ ಸುರಿಯುವ ಕಟ್ಟಡ. ರೈತ ಕುದುರೆ ಗಾಡಿಯಲ್ಲಿ ಕಾಳು ಹೇರಿಕೊಂಡು ಬಂದು ಅದೇ ದಿನ ವಾಪಸ್ ಹೋಗಬೇಕಿತ್ತು, ಅದಕ್ಕೇ ಹಳಿಯುದ್ದಕ್ಕೂ ಹತ್ತಿರ ಹತ್ತಿರ ಕಟ್ಟಿದರು. 1930ರ ದಶಕದಲ್ಲಿ ಪಶ್ಚಿಮ ಕೆನಡಾದ ಬಯಲು ಸೀಮೆಯಲ್ಲೆಲ್ಲ ಸೇರಿ ಇಂಥವು 5,000ಕ್ಕೂ ಜಾಸ್ತಿ ಇದ್ದವು. ಲಾರಿ ಬಂತು, ದೊಡ್ಡ ಕಾಂಕ್ರೀಟ್ ಗೋದಾಮು ಬಂತು, ಹೆಚ್ಚಿನವನ್ನು ಕೆಡವಿದರು. ಕಣಜ ಹೋದ ಮೇಲೆ ಎಷ್ಟೋ ಊರುಗಳಲ್ಲಿ ಅಂಗಡಿ, ಶಾಲೆಯೂ ಮುಚ್ಚಿದವು. ಉಳಿದ ಊರುಗಳಲ್ಲಿ ಹಳೆ ಶಾಲೆಯನ್ನೋ ಸ್ಟೇಷನ್ನನ್ನೋ ಊರವರೇ ಮ್ಯೂಸಿಯಂ ಮಾಡಿಕೊಂಡಿರುತ್ತಾರೆ. ಬೇಸಿಗೆಯಲ್ಲಷ್ಟೇ ತೆಗೆದಿರುವಂಥವೂ ಇವೆ, ಫೋನ್ ಮಾಡಿಯೇ ಹೋಗಿ.

ಕೆರೆಗಳಲ್ಲಿ ಎರಡು ಸಾಕು. ವಾಟ್ರಸ್ ಊರಿನ ಹತ್ತಿರ ಲಿಟಲ್ ಮ್ಯಾನಿಟೌ ಇದೆ. ನೀರು ಹೊರಗೆ ಹರಿಯೋಕೆ ದಾರಿ ಇಲ್ಲ, ಆವಿಯಾಗಿ ಆವಿಯಾಗಿ ಉಪ್ಪಾಗಿದೆ. ಈಜು ಬಾರದವರೂ ಅದರಲ್ಲಿ ಅಂಗಾತ ತೇಲುತ್ತಾರೆ (ಕಣ್ಣಿಗೆ ಹಾರಿದರೆ ಮಾತ್ರ ಉರಿ ಕೇಳಬೇಡಿ). ಇನ್ನೊಂದು ಲಾಸ್ಟ್ ಮೌಂಟನ್ ಕೆರೆ. ಅದರ ಉತ್ತರ ತುದಿಯನ್ನು 1887ರಲ್ಲೇ ಹಕ್ಕಿಗಳಿಗೆ ಬಿಟ್ಟುಕೊಟ್ಟರು. ಕ್ರೌಂಚ ಹಕ್ಕಿಗಳ ಹಿಂಡು ಇಳಿಯುವುದು ಸೆಪ್ಟೆಂಬರ್ ಹೊತ್ತಿಗೆ, ಟಿಕೆಟ್ ಸ್ವಲ್ಪ ಮುಂದೂಡೋಕೆ ಆದರೆ ನೋಡಿ.

ಪ್ರಶ್ನೆ: ಕೆನಡಾದ ಆ ಬಯಲಿಗೆ ಬಂದವರಿಗೆಲ್ಲ ಸುಮ್ನೆ ಜಮೀನು ಕೊಟ್ಟರಂತೆ, ನಿಜಾನಾ?
– ಪದವಿ ವಿದ್ಯಾರ್ಥಿ, ರಾಯಚೂರು

ಉತ್ತರ: ಅರ್ಧ ನಿಜ. 1872ರ ಕಾನೂನಿನಂತೆ 10 ಡಾಲರ್ ಕಟ್ಟಿದವರಿಗೆ 160 ಎಕರೆ. ಮೂರು ವರ್ಷದಲ್ಲಿ ಮನೆ ಕಟ್ಟಿ, ಅಲ್ಲೇ ಇದ್ದು, ಇಷ್ಟು ಅಂತ ನೆಲ ಉತ್ತು ತೋರಿಸಿದರೆ ಪಟ್ಟಾ. ಮರವೇ ಇಲ್ಲದ ಬಯಲು, ಹುಲ್ಲು ಹೆಂಟೆ ಕೊಯ್ದು ಗೋಡೆ ಕಟ್ಟಿದರು. ಕಿಂಡರ್ಸ್ಲಿ ಬಳಿ ಅಂಥದೊಂದು ಮನೆ ಇನ್ನೂ ನಿಂತಿದೆ.

ಇನ್ನರ್ಧ ಏನಂದರೆ, ಆ ನೆಲ ಖಾಲಿ ಬಿದ್ದಿರಲಿಲ್ಲ. ಕ್ರೀ, ಸೋಟೋ ಮುಂತಾದ ಮೂಲನಿವಾಸಿಗಳ ಜೊತೆ 1874ರಲ್ಲಿ ಕಪೆಲ್ ಕಣಿವೆಯಲ್ಲಿ ಒಪ್ಪಂದ ಮಾಡಿಕೊಂಡು, ಅವರನ್ನು ಸಣ್ಣ ಸಣ್ಣ ಮೀಸಲು ಜಾಗಗಳಿಗೆ ಸರಿಸಿದರು. ಕಾಡೆಮ್ಮೆ ಅಳಿದು ಅವರು ಉಪವಾಸ ಬೀಳುತ್ತಿದ್ದ ಕಾಲ ಅದು. ಜಮೀನು ಪಡೆದವರಿಂದಲೂ ಕಿತ್ತುಕೊಂಡದ್ದಿದೆ. ಡೂಕೊಬೊರ್ ಅಂತ ಒಂದು ಪಂಥ, ಯುದ್ಧ ಬೇಡ, ಮಾಂಸ ಬೇಡ ಅನ್ನುವ ಜನ. ಟಾಲ್‌ಸ್ಟಾಯ್ ಹಣ ಸಹಾಯದಿಂದ 1899ರಲ್ಲಿ ರಷ್ಯಾ ಬಿಟ್ಟು ಬಂದರು. ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲ್ಲ ಅಂದರು, 1907ರಲ್ಲಿ ಬಹಳಷ್ಟು ಜಮೀನು ಹೋಯಿತು. ವೆರೆಗಿನ್ ಊರಿನಲ್ಲಿ ಅವರ ಪ್ರಾರ್ಥನಾ ಮನೆ ಇದೆ. ಸಿಂಧನೂರಿನ ಮೇಷ್ಟ್ರೂ ಇದನ್ನು ಗುರುತು ಹಾಕಿಕೊಳ್ಳಲಿ.

ಪ್ರಶ್ನೆ: ನಮಗೆ ಕೆನಡಾ ಆಗಲ್ಲ. ಇಲ್ಲೇ ಇಂಥದ್ದೇನಾದರೂ ಇದೆಯಾ?
– ಗೃಹಿಣಿ, ಕೊಪ್ಪಳ

ಉತ್ತರ: ಇದೆ, ಬಸ್ಸಿನಲ್ಲೇ ಹೋಗಬಹುದು. ಗಂಗಾವತಿ, ಕಾರಟಗಿ, ಸಿಂಧನೂರು ದಾರಿಯ ಕ್ಯಾಂಪುಗಳು. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯಲ್ಲಿದ್ದ ಹೊಲ ಮಾರಿ ಬಂದ ಕುಟುಂಬಗಳು ಕಟ್ಟಿಕೊಂಡ ಊರುಗಳು. ಜೋಳ, ಹತ್ತಿ ಬೆಳೆಯುತ್ತಿದ್ದ ಮಳೆಯಾಶ್ರಿತ ನೆಲ ಗದ್ದೆಯಾದದ್ದು ಹೀಗೆ. ಆಗ ಕಡಿಮೆ ಬೆಲೆಗೆ ಹೊಲ ಕೊಟ್ಟ ಊರವರ ಕಥೆ ಬೇರೆ, ಕೊಂಡವರ ಕಥೆ ಬೇರೆ; ಎರಡೂ ಕಡೆ ಕೂತು ಕೇಳಿ. ಗಟ್ಟಿ ನೆನಪಿರುವ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾಟಿ, ಕೊಯ್ಲಿನ ಹೊತ್ತು ಬಿಟ್ಟು ಹೋಗಿ, ಆಗ ಯಾರಿಗೂ ಮಾತಾಡೋಕೆ ಪುರುಸೊತ್ತಿರಲ್ಲ.