6.3 ನ್ಯಾನೊಮೀಟರಿನ ಗಡಿ

ಪ್ರಶ್ನೆ: ಮಂಜುಗಡ್ಡೆ ಕರಗಿ ನೀರಾಗುವುದು ಕಣ್ಣಿಗೆ ಕಾಣುತ್ತದೆ. ಸಾಮಾನ್ಯ ಅವಾಹಕವು ಟೊಪಾಲಜಿಕಲ್ ಅವಾಹಕ (ಒಡಲಿನಲ್ಲಿ ಅವಾಹಕ, ಅಂಚಿನಲ್ಲಿ ಮಾತ್ರ ವಾಹಕ) ಆಗುವುದೂ ಒಂದು ಸ್ಥಿತ್ಯಂತರ ಎನ್ನುತ್ತಾರೆ. ಎರಡೂ ಅವಾಹಕಗಳೇ ಆದ ಮೇಲೆ ಬದಲಾದದ್ದಾದರೂ ಏನು?
– ಬಿ.ಎಸ್‌ಸಿ. ವಿದ್ಯಾರ್ಥಿನಿ

ಉತ್ತರ: ನೀರು ಹೆಪ್ಪುಗಟ್ಟುವಾಗ ಅಣುಗಳು ಸಾಲುಗಟ್ಟಿ ನಿಲ್ಲುತ್ತವೆ. ಇಲ್ಲಿ ಪರಮಾಣುಗಳ ಜೋಡಣೆ ಇದ್ದಂತೆಯೇ ಇರುತ್ತದೆ. ಮೇಲುಕೆಳಗಾಗುವುದು ಎಲೆಕ್ಟ್ರಾನ್‌ಗಳ ಶಕ್ತಿಪಟ್ಟಿಗಳು, ಅಂದರೆ ಎಲೆಕ್ಟ್ರಾನ್‌ಗಳು ಹೊಂದಬಹುದಾದ ಶಕ್ತಿಯ ಹರವುಗಳು, ನಿಮ್ಮ ಪಠ್ಯದ ಬ್ಯಾಂಡ್‌ಗಳು.

ಲಂಗದ ಸೊಂಟಕ್ಕೆ ಎಲಾಸ್ಟಿಕ್ ಹಾಕಿದವರಿಗೆ ಇದು ಗೊತ್ತು: ತುದಿಗಳನ್ನು ಕೂಡಿಸುವಾಗ ಒಂದು ತಿರುವು ಬಿದ್ದಿತೋ, ಆಮೇಲೆ ಎಷ್ಟು ಎಳೆದರೂ ಸವರಿದರೂ ಅದು ಹೋಗದು. ಹೊಲಿಗೆ ಬಿಚ್ಚಲೇಬೇಕು. ಟೊಪಾಲಜಿಕಲ್ ಅವಾಹಕದ ಎಲೆಕ್ಟ್ರಾನ್ ಅಲೆಗಳಲ್ಲಿ ಅಂಥದೊಂದು ತಿರುವಿದೆ. ತುಂಬಿದ ಪಟ್ಟಿಗೂ ಖಾಲಿ ಪಟ್ಟಿಗೂ ನಡುವಿನ ಶಕ್ತಿಯ ಅಂತರ ಸೊನ್ನೆಗೆ ಇಳಿಯುವುದೇ ಇಲ್ಲಿ ಹೊಲಿಗೆ ಬಿಚ್ಚುವ ಗಳಿಗೆ.

ನನಗೆ ಬಹಳ ಇಷ್ಟವಾದ ಉದಾಹರಣೆ ಪಾದರಸದ ಟೆಲ್ಯುರೈಡ್. ಕ್ಯಾಡ್ಮಿಯಂ ಟೆಲ್ಯುರೈಡ್‌ನಲ್ಲಿ ಎಸ್ ಕಕ್ಷಕದಿಂದ (ಕಕ್ಷಕವೆಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರುವ ನೆಲೆ) ಹುಟ್ಟಿದ ಪಟ್ಟಿ ಮೇಲೆ, ಪಿ ಕಕ್ಷಕದ್ದು ಕೆಳಗೆ. ಪಾದರಸದ ಪರಮಾಣು ತೀರಾ ಭಾರ. ಅದರಲ್ಲಿ ಸಾಪೇಕ್ಷತೆಯ ಪರಿಣಾಮ ಜೋರಾಗಿ ಈ ಕ್ರಮ ತಲೆಕೆಳಗಾಗುತ್ತದೆ. ತಿರುವು ಬೀಳುವುದು ಇದರಿಂದಲೇ. ಕ್ಯಾಡ್ಮಿಯಂ ಬೆರೆತ ಪದರಗಳ ನಡುವೆ ಪಾದರಸದ ಟೆಲ್ಯುರೈಡನ್ನು ತೆಳುವಾಗಿ ಬೆಳೆಸಿದರೆ ಕ್ಯಾಡ್ಮಿಯಂನ ಕ್ರಮ ಗೆಲ್ಲುತ್ತದೆ, ದಪ್ಪವಾಗಿ ಬೆಳೆಸಿದರೆ ಪಾದರಸದ್ದು. ದಪ್ಪ ಸುಮಾರು 6.3 ನ್ಯಾನೊಮೀಟರ್ ಆದಲ್ಲಿ ಎರಡೂ ಪಟ್ಟಿಗಳು ಒಂದನ್ನೊಂದು ತಾಕುತ್ತವೆ, ಅಂತರ ಸೊನ್ನೆಯಾಗುತ್ತದೆ. ಭೌತವಿಜ್ಞಾನಿಗಳಾದ ಬರ್ನೆವಿಗ್, ಹ್ಯೂಸ್ ಮತ್ತು ಝಾಂಗ್ 2006ರಲ್ಲಿ ಇದನ್ನು ಲೆಕ್ಕ ಹಾಕಿ ಹೇಳಿದರು. ಮರುವರ್ಷವೇ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಮೋಲೆನ್‌ಕ್ಯಾಂಪ್ ಅವರ ತಂಡ ಅಳೆದು ನೋಡಿತು.

ತೆಳು ಪದರದ ರೋಧ ಮೆಗಾಓಮ್‌ಗಳಲ್ಲಿತ್ತು. ಗಡಿ ದಾಟಿದ ಪದರದ ಪುಟ್ಟ ತುಂಡುಗಳಲ್ಲಿ ಅದು ಸುಮಾರು 12.9 ಕಿಲೊಓಮ್‌ಗೆ ಬಂದು ನಿಂತಿತು. ತುಂಡು ಒಂದು ಮೈಕ್ರಾನ್ ಅಗಲವಿರಲಿ, ಅರ್ಧ ಮೈಕ್ರಾನ್ ಇರಲಿ, ಹೆಚ್ಚುಕಡಿಮೆ ಅದೇ ಅಂಕಿ! ವಿದ್ಯುತ್ತು ಒಡಲಿನಲ್ಲಿ ಹರಿದಿದ್ದರೆ ಅಗಲ ಅರ್ಧವಾದಾಗ ರೋಧ ಇಮ್ಮಡಿಯಾಗಬೇಕಿತ್ತು. ಅದು ಹರಿದದ್ದು ಅಂಚಿನಲ್ಲಿ. ಅಂಚಿನಾಚೆ ಇರುವುದು ಸಾಮಾನ್ಯ ಅವಾಹಕ. ತಿರುವು ಅಲ್ಲಿಗೆ ಮುಗಿಯಲೇಬೇಕಾದ್ದರಿಂದ ಅಂತರ ಅಂಚಿನಲ್ಲಿ ಮುಚ್ಚಿಕೊಂಡು ದಾರಿಯಾಗುತ್ತದೆ.

ಒಂದು ಷರತ್ತನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ, ವಿದ್ಯಾರ್ಥಿಗಳು ಇದನ್ನೇ ಮರೆಯುತ್ತಾರೆ. ಅಂತರ ಸೊನ್ನೆಯಾಗದೆ ಗಡಿ ದಾಟಲಾಗದು ಎಂಬ ಮಾತು ಕಾಲವಿಪರ್ಯಯ ಸಮಮಿತಿ (ಕಾಲವನ್ನು ಹಿಮ್ಮುಖವಾಗಿ ಓಡಿಸಿದರೂ ನಿಯಮಗಳು ಬದಲಾಗದಿರುವುದು) ಉಳಿದಿರುವವರೆಗೆ ಮಾತ್ರ ನಿಜ. ಕಾಂತಕ್ಷೇತ್ರ ಅದನ್ನು ಮುರಿಯುತ್ತದೆ. ವುರ್ಟ್ಸ್‌ಬರ್ಗ್‌ನ ಪ್ರಯೋಗದಲ್ಲೂ ಪದರಕ್ಕೆ ಲಂಬವಾಗಿ ಸಣ್ಣ ಕಾಂತಕ್ಷೇತ್ರ ಕೊಟ್ಟೊಡನೆ ಅಂಚಿನ ಹರಿವು ಕುಸಿಯಿತು.