ಅವರ ಹೆಸರು ಹೇಳಲಾ, ಸುಮ್ಮನಿರಲಾ?

ಪ್ರಶ್ನೆ: ನನಗೆ 27 ವರ್ಷ. ಬಳ್ಳಾರಿ ಹತ್ತಿರದ ಒಂದು ಕಾರ್ಖಾನೆಯ ಐಟಿ ವಿಭಾಗದಲ್ಲಿದ್ದೇನೆ. ಹೋದ ತಿಂಗಳು ಕಂಪನಿಯಲ್ಲಿ ಎರಡು ದಿನದ ಹ್ಯಾಕಥಾನ್, ಅಂದರೆ ಹೊಸ ಆ್ಯಪ್ ಮಾಡುವ ಸ್ಪರ್ಧೆ, ನಡೆಯಿತು. ಗೆದ್ದವರು ಹೇಳಿದ ಸೇವಾಸಂಸ್ಥೆಗೆ ಕಂಪನಿ ಒಂದು ಲಕ್ಷ ರೂಪಾಯಿ ಕೊಡುತ್ತದೆ. ಲಾರಿಗಳು ವೇಬ್ರಿಜ್ (ಲಾರಿ ತೂಗುವ ಜಾಗ) ಮುಂದೆ ಬಿಸಿಲಲ್ಲಿ ಸಾಲು ನಿಲ್ಲುವುದನ್ನು ತಪ್ಪಿಸಲು, ಡ್ರೈವರ್ ಫೋನಿಗೇ ಟೋಕನ್ ಕಳಿಸುವ ಆ್ಯಪ್ ಮಾಡಿ ನಾನು ಗೆದ್ದೆ. ಆದರೆ ಆ ಯೋಚನೆ ವೇಬ್ರಿಜ್‌ನಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುವ ಒಬ್ಬ ಅಣ್ಣನದು. ಕಾಯಂ ನೌಕರರಿಗೆ ಮಾತ್ರ ಅವಕಾಶ ಇತ್ತು, ಅವರು ಸೇರುವಂತಿರಲಿಲ್ಲ. ವೇದಿಕೆ ಮೇಲೆ ನಾನು ಅವರ ಹೆಸರು ಹೇಳಲಿಲ್ಲ. ಮೊದಲು ‘ತಂಗಿ’ ಅನ್ನುತ್ತಿದ್ದವರು ಈಗ ‘ಮೇಡಂ’ ಅನ್ನುತ್ತಾರೆ. ‘ದುಡ್ಡೆಲ್ಲ ದಾನಕ್ಕೇ ಹೋಗುತ್ತಲ್ಲ, ನೀನೇನು ತಿಂದ್ಯಾ?’ ಅಂತ ಮನೆಯಲ್ಲಿ ಕೇಳುತ್ತಾರೆ. ಸಂಸ್ಥೆಯ ಹೆಸರು ಕೊಡಲು ಇನ್ನು ಇಪ್ಪತ್ತು ದಿನ ಇದೆ. ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರ ಉದ್ದ ಇತ್ತು, ಇಲ್ಲಿ ಚಿಕ್ಕದು ಮಾಡಿದ್ದೇವೆ. ಅದರಲ್ಲಿ ನೀವು ಆ ಅಣ್ಣನ ನೋಟ್‌ಬುಕ್ ಬಗ್ಗೆ ಬರೆದದ್ದು ನನ್ನ ಕಣ್ಣಿಗೇ ಕಟ್ಟಿದೆ. ದಾರ ಕಟ್ಟಿದ ಪೆನ್ನು. ಕೆಎ 34, ಕೆಎ 37, ಎಪಿ ಅಂತ ಸಾಲು ಸಾಲು ಲಾರಿ ನಂಬರು. ಪಕ್ಕದಲ್ಲಿ ಲಾರಿ ಬಂದ ಹೊತ್ತು, ಒಳಗೆ ಹೋದ ಹೊತ್ತು. ಆ ಎರಡರ ನಡುವೆ ನಾಲ್ಕು ತಾಸು ಇರುವುದನ್ನು ಬೆರಳಿಟ್ಟು ತೋರಿಸಿ, ‘ಇವರಿಗೆ ಫೋನಿಗೇ ನಂಬರ್ ಬಂದ್ರೆ ಎಲ್ಲಾದ್ರೂ ನೆರಳಿಗೆ ಕೂತಿರ್ತಾರಲ್ಲ ತಂಗಿ’ ಅಂದವರು ಅವರು. ನಿಮ್ಮ ಆ್ಯಪ್ ಹುಟ್ಟಿದ್ದು ಅಲ್ಲೇ, ಅಲ್ವಾ?

ಮನೆಯವರ ಮಾತಿಗೆ ಮೊದಲು ಬರೋಣ. ನೀವು ದುಡ್ಡು ಮುಟ್ಟಿಲ್ಲ, ನಿಜ. ಆದರೆ ಆ ಅಣ್ಣ ನೊಂದಿದ್ದು ದುಡ್ಡಿಗಲ್ಲ. ನಮ್ಮ ಕೈಲಿರುವುದನ್ನು ನಾವು ದಾನ ಮಾಡಬಹುದು, ಇನ್ನೊಬ್ಬರ ಹೆಸರನ್ನು ಅವರನ್ನು ಕೇಳದೆ ಬಿಟ್ಟುಕೊಡೋಕೆ ಆಗಲ್ಲ. ಅಷ್ಟಕ್ಕೂ ದೊಡ್ಡ ಲಾಭದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆಯೇ ಹೇಳುತ್ತದೆ. ಇಂಥ ಹಣ ನೀವಿಲ್ಲದಿದ್ದರೂ ಯಾರಿಗೋ ತಲುಪುತ್ತದೆ. ಆ ಅಣ್ಣನ ಹೆಸರು ಮಾತ್ರ ನೀವು ಹೇಳದೆ ಎಲ್ಲಿಗೂ ತಲುಪಲ್ಲ.

ಕಾನೂನಿನಲ್ಲಿ ದಾರಿ ಹುಡುಕಬೇಡಿ. ಕಾಪಿರೈಟ್ ಕಾಯ್ದೆ ಬರೆದ ಕೋಡ್‌ಗೆ ರಕ್ಷಣೆ ಕೊಡುತ್ತದೆ, ಹೊಳೆದ ಯೋಚನೆಗೆ ಕೊಡಲ್ಲ. ಕೆಲಸದ ಭಾಗವಾಗಿ ನೀವು ಬರೆದ ಕೋಡ್ ಕೂಡ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದೇ. ಹಾಗಾಗಿ ಇದು ನಿಮ್ಮಿಬ್ಬರ ನಡುವೆಯೇ ಸರಿಹೋಗಬೇಕಾದ ವಿಷಯ.

ಆದರೆ ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿಬಿಡಬೇಡಿ. ಮೊದಲು ಆ ಅಣ್ಣನನ್ನು ಕೇಳಿ. ಗುತ್ತಿಗೆಯವರ ಕೆಲಸ ಗುತ್ತಿಗೆದಾರನ ಒಂದು ಫೋನ್‌ನಲ್ಲಿ ಹೋಗಬಹುದು. ‘ನಿನಗ್ಯಾಕೆ ಬೇಕಿತ್ತು ಇದೆಲ್ಲ’ ಅಂತ ಅವರು ಬೈಸಿಕೊಳ್ಳುವ ಹಾಗೆ ಆಗಬಾರದು. ಶಿಫ್ಟ್ ಮುಗಿದ ಮೇಲೆ, ಗೇಟಿನಾಚೆ ಟೀ ಅಂಗಡಿಯಲ್ಲಿ ಕೂತು ಮಾತಾಡಿ. ಸ್ವೀಟ್ ಬಾಕ್ಸ್ ಒಯ್ಯಬೇಡಿ, ದುಡ್ಡಂತೂ ಬೇಡವೇ ಬೇಡ. ‘ಅಣ್ಣಾ, ಅವತ್ತು ನಿಮ್ಮ ಹೆಸರು ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯ್ತು’ ಅನ್ನಿ. ಹೆದರಿಕೆ ಆಯ್ತು, ಮರೆತೆ, ಟೈಮ್ ಇರಲಿಲ್ಲ ಅಂತ ಬಾಲ ಸೇರಿಸಬೇಡಿ.

ಅವರು ಒಪ್ಪಿದರೆ ಎಚ್‌ಆರ್‌ಗೆ ಬರೆಯಿರಿ: ಯೋಚನೆ ಇವರದು, ಕೋಡ್ ನನ್ನದು, ಸರ್ಟಿಫಿಕೇಟ್‌ನಲ್ಲಿ ಎರಡೂ ಹೆಸರಿರಲಿ. ಮುಂದಿನ ಸಲ ಗುತ್ತಿಗೆಯವರಿಗೂ ಅವಕಾಶ ಕೊಡಿ ಅಂತಲೂ ಸೇರಿಸಿ. ಹ್ಯಾಕಥಾನ್ ಅಂದರೆ ಹ್ಯಾಕ್ ಮತ್ತು ಮ್ಯಾರಥಾನ್ ಸೇರಿದ ಪದ, ಒಂದು ಕಡೆ ಕೂತು ಬಿಡದೆ ಕೆಲಸ ಮಾಡೋದು. ಲಾರಿ ಸಾಲನ್ನು ದಿನಾ ನೋಡುವವರೇ ಆ ಕೋಣೆಯಲ್ಲಿ ಇಲ್ಲದಿದ್ದರೆ ಒಳಗಿದ್ದವರಿಗೆ ಏನು ಹೊಳೆಯಬೇಕು? ಇದು ನನಗೆ ನಿಜವಾಗಿ ಬೇಜಾರಾದ ವಿಷಯ.

ಹೆಸರು ಬೇಡ ಅಂದರೆ ಒತ್ತಾಯ ಮಾಡಬೇಡಿ. ಆಗಲೂ ಒಂದು ದಾರಿ ಇದೆ. ಆ ಒಂದು ಲಕ್ಷ ಯಾರಿಗೆ ಹೋಗಬೇಕು ಅಂತ ಅವರೇ ಹೇಳಲಿ. ಅವರಿಗೆ ಗೊತ್ತಿರುವ ಶಾಲೆಯೋ ಆಶ್ರಮವೋ ಇರಬಹುದು. ನೀವು ಆ ಹೆಸರನ್ನು ಫಾರ್ಮ್‌ನಲ್ಲಿ ಬರೆಯಿರಿ. ಚೆಕ್ ಕೊಡುವ ದಿನ ಅವರನ್ನೂ ಕರೆದುಕೊಂಡು ಹೋಗಿ.

ಮರುದಿನವೇ ಅವರು ‘ತಂಗಿ’ ಅನ್ನಲಿಕ್ಕಿಲ್ಲ. ಅದಕ್ಕೆ ಕಾಯುತ್ತಾ ಕೂರಬೇಡಿ, ಆ್ಯಪ್ ಕೆಲಸ ಇನ್ನೂ ಇದೆಯಲ್ಲ. ಗಡಿ ದಾಟಿ ಬರುವ ಆಂಧ್ರದ ಡ್ರೈವರ್‌ಗಳಿಗೆ ಮೆಸೇಜ್ ತೆಲುಗಿನಲ್ಲಿ ಹೋಗಬೇಕಾ? ಓದೋಕೆ ಬಾರದವರಿಗೆ ಫೋನ್ ರಿಂಗ್ ಆದರೆ ಸಾಕಾ? ಇದನ್ನೆಲ್ಲ ಆ ನೋಟ್‌ಬುಕ್ ಮುಂದೆ ಕೂತು ಅವರನ್ನೇ ಕೇಳಿ.